ಶಿವಬಸಮ್ಮ ನೆಟ್ಟಗೆ ಮಾಡಿದ ಚುಕ್ಕಿಗಳು

ತೆಲುಗು ಸೀಮೆಯ ಮಕ್ತಲದ ಶಿವಬಸಮ್ಮನಿಗೆ ಸೊಟ್ಟಗಿದ್ದದ್ದು ಕಂಡರೆ ಕೈ ಸುಮ್ಮನಿರುವುದಿಲ್ಲ. ಯಾರ ಮನೆಗೆ ಹೋದರೂ ಗೋಡೆಯ ಫೋಟೊ ನೆಟ್ಟಗೆ ಮಾಡಿಯೇ ಕೂಡುತ್ತಾಳೆ. ಅವಳ ಕೈಯ ಜೋಳದ ರೊಟ್ಟಿ ತಿಂದವರು ಅವಳನ್ನು ಬೈಯುವುದಾದರೂ ಹೇಗೆ? ಅರವತ್ತೆರಡಾದರೂ ಸ್ನಾನ, ಲಿಂಗಪೂಜೆ ಆಗದೆ ಹನಿ ನೀರು ಬಾಯಿಗೆ ಹಾಕಿದವಳಲ್ಲ.

ಇಂಥವಳ ಲಿವರಿನಲ್ಲಿ ಈ ವರ್ಷ ನೆಲ್ಲಿಕಾಯಿ ಗಾತ್ರದ ಗಡ್ಡೆ ಕಾಣಿಸಿಕೊಂಡಿತು. ಗದ್ವಾಲದ ಆಸ್ಪತ್ರೆಯೊಂದರ ಡಾಕ್ಟರ್ ಭಾನುಪ್ರಕಾಶ, ಹೊಟ್ಟೆ ಸೀಳದೆ ಸಣ್ಣ ತೂತುಗಳಿಂದಲೇ ತೆಗೆಯುವುದಾಗಿ ಧೈರ್ಯ ಹೇಳಿದರು. ಹೊಟ್ಟೆಯ ಮೇಲೆ ಆರು ಚುಕ್ಕಿ ಅಂಟಿಸಿ ಸ್ಕ್ಯಾನ್ ಮಾಡಿದರು. ಚುಕ್ಕಿಗಳೋ, ಒಂದು ಅಲ್ಲಿ, ಒಂದು ಇಲ್ಲಿ.

ಮರುದಿನ ಬೆಳಿಗ್ಗೆ ಶಿವಬಸಮ್ಮ ಸ್ನಾನಕ್ಕೆ ಹಟ ಹಿಡಿದಳು. ಮಲ್ದಕಲ್ಲಿನ ಹುಡುಗಿ, ನರ್ಸ್ ಅಖಿಲಾ ಕರಗಿದಳು.

“ಸ್ನಾನ ಮಾಡಿಸಬಾರದು ಅಂತ ಹುಕುಂ ಐತ್ರಿ ಅಮ್ಮಾ. ಗೊತ್ತಾದ್ರ ನನ್ನ ನೌಕರಿ ಹೋಗ್ತೈತಿ. ಹೊಟ್ಟಿಗಿ ಮಾತ್ರ ನೀರು ತಾಗಿಸಬ್ಯಾಡ್ರಿ.”

ತಾಗಿಸದೆ ಇರಲಿಲ್ಲ. ನಾಲ್ಕು ಚುಕ್ಕಿ ಕಳಚಿ ಬಿದ್ದವು. ಶಿವಬಸಮ್ಮ ಉಳಿದೆರಡನ್ನೂ ತಾನೇ ಕಿತ್ತು, ಎಲ್ಲವನ್ನೂ ಒರೆಸಿ, ಮೂರು ಮೂರರ ಎರಡು ಸಾಲು ಮಾಡಿ ಅಂಟಿಸಿದಳು. ಈಗ ನೋಡಲು ಲಕ್ಷಣವಾಯಿತು ಎಂದುಕೊಂಡು ಪೂಜೆಗೆ ಕುಳಿತಳು.

ಆಪರೇಷನ್ ಕೋಣೆಗೆ ಕರೆದೊಯ್ಯುವಾಗ ಅವಳು ಅಖಿಲಾಳ ಕೈ ಬಿಡಲೊಲ್ಲಳು. ಅಖಿಲಾ ಸಮಾಧಾನ ಹೇಳಿದಳು: “ಅಂಜಬ್ಯಾಡ್ರಿ. ಡಾಕ್ಟರ್ ಸಾಹೇಬ್ರು ಒಂದು ಕನ್ನಡಕ ಹಾಕ್ಕೋತಾರ. ಅದ್ರಾಗ ನೋಡಿದ್ರ ನಿಮ್ಮ ಹೊಟ್ಟಿ ಮ್ಯಾಲೇ ಒಳಗಿನ ಗಡ್ಡಿ, ನರ ಎಲ್ಲಾ ಚಿತ್ರದಂಗ ಮೂಡ್ತಾವ. ಎಲ್ಲಿ ಏನೈತಿ ಅಂತ ಆ ಚುಕ್ಕಿನೇ ತೋರಿಸೋದು.”

ತಾನು ಮಾಡಿದ್ದೇನೆಂದು ಶಿವಬಸಮ್ಮನಿಗೆ ಆಗ ಹೊಳೆಯಿತು. ಹೇಳದಿದ್ದರೆ ಕತ್ತರಿ ಎಲ್ಲೋ ಹೋಗುತ್ತದೆ. ಹೇಳಿದರೆ ಮೂರು ದಿನದಿಂದ ಮಗಳಂತೆ ನೋಡಿಕೊಂಡ ಹುಡುಗಿಯ ಅನ್ನಕ್ಕೆ ಕಲ್ಲು ಬೀಳುತ್ತದೆ. ಬಾಗಿಲು ದಾಟುವ ತನಕ ತುಟಿ ಕಚ್ಚಿಕೊಂಡಿದ್ದವಳು, ಡಾಕ್ಟರು ಹತ್ತಿರ ಬರುತ್ತಲೇ ಅವರ ತೋಳು ಹಿಡಿದಳು.

“ತಡೀರಿ ಸಾಹೇಬ್ರ. ಚುಕ್ಕಿ ಕಿತ್ತು ಸಾಲಾಗಿ ಹಚ್ಚಿದಾಕಿ ನಾನರಿ. ಈ ಹುಡುಗಿ ಬ್ಯಾಡಂದ್ರೂ ಕೇಳಲಿಲ್ಲ. ನನ್ನ ಬೈರಿ, ಆಕಿನ್ನ ಏನೂ ಅನಬ್ಯಾಡ್ರಿ.”

ಭಾನುಪ್ರಕಾಶ ಹೊದಿಕೆ ಸರಿಸಿ ನೋಡಿದರು. ಅಖಿಲಾಳ ಮೇಲೆ ತೆಲುಗಿನಲ್ಲೇ ಸಿಡಿದುಬಿದ್ದು, ಸಂಜೆ ತಮ್ಮ ಕೋಣೆಗೆ ಬಂದು ಕಾಣಲು ಹೇಳಿದರು. ಆಪರೇಷನ್ ಮಧ್ಯಾಹ್ನಕ್ಕೆ ಹೋಯಿತು. ಹೊಸ ಚುಕ್ಕಿ, ಹೊಸ ಸ್ಕ್ಯಾನ್. ಅಷ್ಟೂ ಹೊತ್ತು ಶಿವಬಸಮ್ಮ ಎರಡೂ ಕೈಗಳನ್ನು ಬೆನ್ನ ಕೆಳಗೆ ಒತ್ತಿಕೊಂಡೇ ಮಲಗಿದ್ದಳು. ತನ್ನ ಮೇಲೆ ತನಗೇ ಅಷ್ಟು ಸಿಟ್ಟು.

ರಾತ್ರಿ ಎಚ್ಚರವಾದಾಗ ಪಕ್ಕದಲ್ಲಿ ಅಖಿಲಾ ನಿಂತಿದ್ದಳು. “ಗಡ್ಡಿ ಪೂರಾ ಬಂತರಿ ಅಮ್ಮಾ,” ಎಂದಳು.

ಆ ಮಾತು ಶಿವಬಸಮ್ಮನ ಕಿವಿಗೆ ಬಿತ್ತೋ ಇಲ್ಲವೋ. ಮಂಪರಿನಲ್ಲೇ ಹುಡುಗಿಯ ಕೈಗಾಗಿ ತಡಕಾಡಿ ಕೇಳಿದಳು: “ನಿನ್ನ ನೌಕರಿ ಉಳೀತೇನವ್ವಾ?”

ಉಳಿದಿತ್ತು; ಸಂಜೆ ಡಾಕ್ಟರು ಬೈದು ಬಿಟ್ಟುಬಿಟ್ಟಿದ್ದರು. ಅಖಿಲಾ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.