ನಾನು ಬರೆದ ಖರ್ಚಿನ ನಿಯಮ

ಆದೋನಿಯ ಶಾಲೆಯೊಂದರಲ್ಲಿ ನಾನು ಡ್ರಿಲ್ ಮೇಷ್ಟ್ರಾಗಿದ್ದೆ. ಊರಿನ ಫುಟ್ಬಾಲ್ ಲೀಗಿಗೆ ಕಾರ್ಯದರ್ಶಿಯೂ ನಾನೇ. ಆ ಕೆಲಸವನ್ನು ನಾನು ಕೇಳಿ ಪಡೆದದ್ದಲ್ಲ. ಇಂಗ್ಲಿಷಿನಲ್ಲಿ ಪತ್ರ ಬರೆಯಬಲ್ಲ, ಸಂಜೆ ಬಿಡುವಿರುವ ಮನುಷ್ಯ ಬೇರೆ ಯಾರೂ ಸಿಗಲಿಲ್ಲವೆಂದು ನನ್ನ ಕೊರಳಿಗೆ ಕಟ್ಟಿದರು. ಎರಡನೆಯ ಮಹಾಯುದ್ಧಕ್ಕೆ ಇನ್ನೂ ನಾಲ್ಕೈದು ವರ್ಷ ಇದ್ದ ಕಾಲ. ಒಟ್ಟು ಆರು ತಂಡಗಳಿದ್ದವು. ಎರಡು ಹತ್ತಿ ಪ್ರೆಸ್ಸುಗಳವು, ಒಂದು ರೈಲ್ವೆಯವರದು, ಒಂದು ಕಚೇರಿ ಗುಮಾಸ್ತರದು, ಒಂದು ನೇಕಾರರದು, ಇನ್ನೊಂದು ಬಸ್ಸಿನಲ್ಲಿ ಬಂದು ಆಡಿಹೋಗುವ ಆಲೂರಿನವರದು. ಹತ್ತಿ ಸುಗ್ಗಿ ಮುಗಿದು ಪ್ರೆಸ್ಸುಗಳ ಸದ್ದು ನಿಂತ ಮೇಲೆ ಆಟ ಸುರುವಾಗುತ್ತಿತ್ತು. ಸ್ಟೇಷನ್ನಿನ ಆಚೆಯ ಬಯಲಿನಲ್ಲಿ ಬಿದಿರಿನ ಗೋಲುಗಂಬ ನೆಟ್ಟು, ಹೆಚ್ಚಿನವರು ಬರಿಗಾಲಲ್ಲೇ ಆಡುತ್ತಿದ್ದರು.

ಒಂದು ವರ್ಷ ದೊಡ್ಡ ಪ್ರೆಸ್ಸಿನ ಸಾವುಕಾರರು ಸಿಕಂದರಾಬಾದಿನಿಂದ ಮೂವರು ಆಟಗಾರರನ್ನು ದುಡ್ಡು ಕೊಟ್ಟು ಕರೆಸಿದರು. ಸಾವುಕಾರರು ಕೆಟ್ಟವರಲ್ಲ. ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟುತ್ತಿರಲಿಲ್ಲ, ಶಾಲೆಗೆ ಬೆಂಚು ಮಾಡಿಸಿಕೊಟ್ಟಿದ್ದರು. ಅವರಿಗೆ ಗೆಲ್ಲಬೇಕಿತ್ತು, ಅಷ್ಟೆ. ಆ ಮೂವರು ಬೂಟು ಹಾಕಿಕೊಂಡು ಇಳಿದರು. ಆಲೂರಿನವರ ಮೇಲೆ ಹನ್ನೊಂದು ಗೋಲು ಹೊಡೆದರು. ಆರನೆಯದಾದ ಮೇಲೆ ಜನ ಕೂಗುವುದನ್ನು ನಿಲ್ಲಿಸಿದರು, ಎಂಟನೆಯದಾದ ಮೇಲೆ ಎದ್ದು ಹೋಗತೊಡಗಿದರು. ಆಟ ಮುಗಿದ ಮೇಲೆ ಆಲೂರಿನ ತಂಡದ ಹಿರಿಯರೊಬ್ಬರು ನನ್ನ ಹತ್ತಿರ ಬಂದು, ಬಸ್ಸಿಗೆ ದುಡ್ಡು ಹಾಕಿ ಬಂದು ಮಾನ ಕಳಕೊಂಡು ಹೋಗುವುದು ಬರುವ ವರ್ಷ ಬೇಡ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಚುಚ್ಚಿತು.

ಆ ಬೇಸಿಗೆಯಲ್ಲಿ ಕೂತು ನಾನು ಒಂದು ನಿಯಮ ಬರೆದೆ. ಒಂದು ತಂಡ ಒಂದು ವರ್ಷಕ್ಕೆ ತನ್ನ ಆಟಗಾರರ ಮೇಲೆ ನೂರು ರೂಪಾಯಿಗಿಂತ ಹೆಚ್ಚು ಖರ್ಚು ಮಾಡಕೂಡದು. ಮಾಡಿದರೆ ನಾಲ್ಕು ಅಂಕ ಕಡಿತ. ಸಂಬಳ, ರೈಲು ಚಾರ್ಜು, ಊಟ, ಔಷಧಿ, ಯಾವ ಹೆಸರಿನಲ್ಲಿ ಕೊಟ್ಟರೂ ಖರ್ಚು ಖರ್ಚೇ. ಪ್ರತಿ ತಂಡವೂ ಖರ್ಚಿನ ಪುಸ್ತಕ ಇಟ್ಟು ನನಗೆ ತೋರಿಸಬೇಕು. ‘ಯಾವ ಹೆಸರಿನಲ್ಲಿ ಕೊಟ್ಟರೂ’ ಎಂಬ ಮಾತನ್ನು ಸೇರಿಸಿದಾಗ, ಇನ್ನು ಯಾರೂ ನುಸುಳಲಾರರು ಎಂದು ನನಗೆ ಹೆಮ್ಮೆಯಾಗಿತ್ತು. ಸಭೆಯಲ್ಲಿ ಆರೂ ತಂಡದವರು ಒಪ್ಪಿದರು. ಸಾವುಕಾರರು ಎಲ್ಲರಿಗಿಂತ ಮೊದಲು ಸಹಿ ಹಾಕಿದರು. ಆಲೂರಿನವರೂ ಮತ್ತೆ ಬಂದರು.

ಮುಂದಿನ ವರ್ಷ ಆ ಮೂವರೂ ಊರಿನಲ್ಲೇ ಇದ್ದರು. ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದ್ದಾರೆ ಎಂದರು. ನಾನು ನೋಡಿ ಬರಲು ಹೋದೆ. ಅವರಲ್ಲಿ ಒಬ್ಬ ತೂಕದ ಗುಮಾಸ್ತ. ತೂಗಲು ಹತ್ತಿಯೇ ಇಲ್ಲದ ತಿಂಗಳದು. ದೊಡ್ಡ ತಕ್ಕಡಿಯ ಪಕ್ಕ ಕುರ್ಚಿ ಹಾಕಿಕೊಂಡು ಅವನು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಕನ್ನಡವೂ ಬಾರದು, ತೆಲುಗೂ ಬಾರದು. ನನ್ನನ್ನು ಕಂಡು ಎದ್ದು ಸಲಾಮು ಮಾಡಿದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ.

ಸಾವುಕಾರರು ನನಗೆ ಮಜ್ಜಿಗೆ ತರಿಸಿ ಕೊಟ್ಟು ಸಮಾಧಾನವಾಗಿ ಹೇಳಿದರು: “ಇವ್ರು ನಮ್ ಗುಮಾಸ್ತ್ರು ರೀ ಮೇಷ್ಟ್ರೇ. ಪಗಾರ ಪ್ರೆಸ್ಸು ಕೊಡ್ತೈತಿ, ಟೀಮು ಕೊಡೂದಿಲ್ಲ. ಸಂಜೀಕ ಬಯಲಿಗಿ ಹೋಗಿ ಆಡಿದ್ರ ನಾ ಬ್ಯಾಡ ಅನ್ಲೇನು?”

ತಂಡದ ಪುಸ್ತಕ ತೋರಿಸಿದರು. ಚೆಂಡಿಗೆ, ಸೋಡಾಕ್ಕೆ, ಎಲ್ಲ ಸೇರಿ ಇಪ್ಪತ್ತು ರೂಪಾಯಿಯೂ ಆಗಿರಲಿಲ್ಲ. ನಾನು ಮಜ್ಜಿಗೆ ಕುಡಿದು ಬಂದೆ.

ಆ ವರ್ಷ ಅವರಿಗೆ ಎದುರು ನಿಂತವರು ನೇಕಾರರೊಬ್ಬರೇ. ಅವರ ನಾಯಕನಿಗೆ ನಲವತ್ತರ ಹತ್ತಿರ ವಯಸ್ಸು. ಓಟ ಕಡಿಮೆಯಾಗಿತ್ತು, ಆದರೆ ಚೆಂಡು ಎಲ್ಲಿ ಬರುತ್ತದೆ ಎಂದು ಮೊದಲೇ ಗೊತ್ತಿದ್ದವನಂತೆ ಅಲ್ಲಿ ನಿಂತಿರುತ್ತಿದ್ದ. ಅವನ ಹಿಂದೆ ಫುಲ್‌ಬ್ಯಾಕ್ ಆಡುತ್ತಿದ್ದವನು ಅವನ ಓಣಿಯವನೇ, ಗಟ್ಟಿ ಆಳು. ರೈಲ್ವೆಯವರ ಮೇಲಿನ ಆಟದಲ್ಲಿ ಈ ಫುಲ್‌ಬ್ಯಾಕಿನ ಮೊಣಕಾಲ ಕೆಳಗಿನ ಎಲುಬು ಮುರಿಯಿತು. ಯಾರದೂ ತಪ್ಪಲ್ಲ. ಇಬ್ಬರು ಒಂದೇ ಚೆಂಡಿಗೆ ಹೋಗಿದ್ದರು.

ನೇಕಾರರ ಓಣಿಯವರು ಚಂದಾ ಎತ್ತಿ ಅವನನ್ನು ಬಳ್ಳಾರಿ ಆಸ್ಪತ್ರೆಗೆ ಕರೆದೊಯ್ದರು. ಅವನದು ಕುಣಿಮಗ್ಗ. ಕಾಲಲ್ಲಿ ತುಳಿದರೆ ಮಾತ್ರ ನಡೆಯುವಂಥದು. ಮಗ್ಗ ನಿಂತರೆ ಮನೆಯಲ್ಲಿ ಒಲೆ ಉರಿಯುವುದಿಲ್ಲವೆಂದು ಎರಡು ತಿಂಗಳು ಜೋಳ, ಬೇಳೆ, ಎಣ್ಣೆ ಕೊಟ್ಟರು. ಕೊಟ್ಟದ್ದನ್ನೆಲ್ಲ ನಾಯಕ ತಂಡದ ಪುಸ್ತಕದಲ್ಲಿ ಬರೆದ. ನಾನೇ ಬರೆಯಿರಿ ಎಂದಿದ್ದೆನಲ್ಲ.

ಪುಸ್ತಕ ನನ್ನ ಕೈಗೆ ಬಂದಾಗ ಮೊತ್ತ ನೂರು ದಾಟಿತ್ತು. ನೇಕಾರರು ಆಗ ದೊಡ್ಡ ಪ್ರೆಸ್ಸಿನವರಿಗಿಂತ ಒಂದು ಅಂಕ ಮುಂದಿದ್ದರು. ನಾನು ನಾಯಕನನ್ನು ಮನೆಗೆ ಕರೆಸಿ, ಆ ಒಂದು ಹಾಳೆ ಈ ಪುಸ್ತಕದಲ್ಲಿ ಇರದಿದ್ದರೂ ನಡೆಯುತ್ತದೆ, ಓಣಿಯ ಚಂದಾ ಬೇರೆ, ತಂಡದ ಲೆಕ್ಕ ಬೇರೆ ಎಂದು ಸುತ್ತಿ ಬಳಸಿ ಹೇಳಿದೆ. ಅವನಿಗೆ ನನ್ನ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಚಂದಾ ಎತ್ತಿದವ್ರು ನಾವss ಟೀಮಿನವ್ರು ರೀ,” ಅಂದ. “ಬರದಿದ್ದು ಖರೆ ಐತಿ. ಹೆಂಗ ಹರೀಲಿ?”

ನಾನು ಪುಸ್ತಕವನ್ನು ಹಾಗೇ ಮುಚ್ಚಿಟ್ಟೆ. ಅಷ್ಟರಲ್ಲಿ ವಿಷಯ ದೊಡ್ಡ ಪ್ರೆಸ್ಸಿನ ಮ್ಯಾನೇಜರಿಗೂ ತಿಳಿದು, ಅವರು ಸಭೆ ಕರೆಯುವಂತೆ ಪತ್ರ ಕೊಟ್ಟರು. ಸಭೆಯಲ್ಲಿ ಎರಡು ಪ್ರೆಸ್ಸುಗಳೂ ರೈಲ್ವೆಯವರೂ ಅಂಕ ಕಡಿಯಬೇಕು ಎಂದರು. ಕಚೇರಿ ಗುಮಾಸ್ತರು, ಆಲೂರಿನವರು, ನೇಕಾರರು ಬೇಡ ಎಂದರು. ಮೂರಕ್ಕೆ ಮೂರು. ಕೊನೆಯ ಮತ ನನ್ನದು. ಎಲ್ಲರೂ ನನ್ನ ಮುಖ ನೋಡಿದರು. ಮ್ಯಾನೇಜರು ನಿಯಮದ ಹಾಳೆಯನ್ನು ನನ್ನ ಮುಂದೆ ಸರಿಸಿದರು. ಔಷಧಿ, ಊಟ, ಯಾವ ಹೆಸರಿನಲ್ಲಿ ಕೊಟ್ಟರೂ. ನನ್ನದೇ ಅಕ್ಷರ.

ನನಗೆ ಬೇಕಾದವರಿಗಾಗಿ ನಾನೇ ಬಗ್ಗಿಸಿದರೆ ನಾಳೆ ಯಾರೂ ಈ ನಿಯಮಕ್ಕೆ ಬೆಲೆ ಕೊಡುವುದಿಲ್ಲ ಎಂದುಕೊಂಡು ಅಂಕ ಕಡಿಯುವ ಕಡೆ ಕೈ ಎತ್ತಿದೆ. ತೂಕದ ಗುಮಾಸ್ತ ಖಾಲಿ ತಕ್ಕಡಿಯ ಪಕ್ಕ ಕೂತ ದಿನವೇ ಆ ನಿಯಮ ಸತ್ತಿತ್ತು ಎಂದು ಒಪ್ಪಿಕೊಳ್ಳುವ ಧೈರ್ಯ ನನಗೆ ಆಗ ಇರಲಿಲ್ಲ. ನೇಕಾರರ ನಾಯಕ ಎದ್ದು, ಟೋಪಿ ಸರಿಮಾಡಿಕೊಂಡು, ಬರ್ತೀನ್ರಿ ಎಂದು ಹೋದ.

ಮರುದಿನ ಶಾಲೆ ಬಿಟ್ಟ ಮೇಲೆ ನೇಕಾರರ ಓಣಿಗೆ ಹೋದೆ. ಏನು ಹೇಳಬೇಕೆಂದು ಹೊರಟೆನೋ ನನಗೇ ತಿಳಿಯದು. ಕಾಲು ಮುರಿದವನು ಹೊರಸಿನ ಮೇಲೆ ಮಲಗಿದ್ದ. ಅವನ ಹೆಂಡತಿ ಬಾಗಿಲಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನನ್ನನ್ನು ಕಂಡು ಸೆರಗು ಎಳೆದುಕೊಂಡಳು, ಕೆಲಸ ನಿಲ್ಲಿಸಲಿಲ್ಲ. ಗಂಡ ಕೂತುಕೊಳ್ಳಿ ಎಂದ. ನಾನು ಸಭೆಯ ಮಾತು ತೆಗೆದು ಅರ್ಧಕ್ಕೆ ನಿಲ್ಲಿಸಿದೆ. ಆಗ ಆಕೆ ರಾಟೆಯಿಂದ ಕಣ್ಣು ತೆಗೆಯದೆ ಅಂದಳು:

“ಜ್ವಾಳ ಕೊಟ್ಟಿದ್ದು ಆಟದ ಲೆಕ್ಕಕ್ಕ ಹೋಗ್ತೈತಂತ ನಮಗ ಗೊತ್ತಿದ್ದಿಲ್ರಿ ಮೇಷ್ಟ್ರೇ. ಗೊತ್ತಿದ್ರ ತಗೋತಿದ್ದಿಲ್ಲ.”

ಗಂಡ ಅವಳನ್ನು ಸುಮ್ಮನಿರು ಎಂದು ಗದರಿದ. ಅವರು ಕೊಟ್ಟ ಚಹಾ ಕುಡಿಯದೆ ಬಂದರೆ ಇನ್ನೂ ಅವಮಾನವಾದೀತೆಂದು ಕುಡಿದು ಎದ್ದೆ.

ಕೊನೆಯ ಆಟ ನೇಕಾರರಿಗೂ ದೊಡ್ಡ ಪ್ರೆಸ್ಸಿಗೂ ಇತ್ತು. ನೇಕಾರರು ಬರಲಾರರು ಎಂದುಕೊಂಡಿದ್ದೆವು. ಬಂದರು. ಗೆದ್ದರೂ ಕಪ್ಪು ಸಿಗುವಂತಿರಲಿಲ್ಲ. ಆಡಿದರು, ಒಂದು ಗೋಲಿನಿಂದ ಸೋತರು. ಸಾವುಕಾರರ ಕೊರಳಿಗೆ ಹಾರ ಬಿತ್ತು. ಪೇಡೆ ಹಂಚಿದರು. ನನ್ನ ಕೈಗೂ ಒಂದು ಬಂತು.

ಮಳೆಗಾಲ ಕಳೆದ ಮೇಲೆ ನಿಯಮವನ್ನು ತಿದ್ದಿದೆ. ಗಾಯಗೊಂಡವರ ಔಷಧಿ, ಅವರ ಮನೆಯ ಊಟ ಲೆಕ್ಕಕ್ಕಿಲ್ಲ. ಕೆಲಸಕ್ಕೆ ಸೇರಿ ಪೂರ್ತಿ ಒಂದು ವರ್ಷ ದುಡಿಯದವನು ಆ ಸಂಸ್ಥೆಯ ತಂಡದಲ್ಲಿ ಆಡುವಂತಿಲ್ಲ. ಈ ಸಲವೂ ಯಾರೂ ಎದುರಾಡಲಿಲ್ಲ. ಸಾವುಕಾರರಿಗೆ ಆ ಹೊತ್ತಿಗೆ ಆಟದ ಹುಚ್ಚು ಇಳಿದಿತ್ತು. ಸಿಕಂದರಾಬಾದಿನವರನ್ನು ರೈಲು ಹತ್ತಿಸಿ, ಬಯಲಾಟದ ಮೇಳಕ್ಕೆ ಮನಸ್ಸು ಕೊಟ್ಟಿದ್ದರು. ತಿದ್ದಿದ ನಿಯಮದಂತೆ ಎರಡು ವರ್ಷ ಲೀಗು ಚೆನ್ನಾಗಿಯೇ ನಡೆಯಿತು. ಒಂದು ವರ್ಷ ಆಲೂರಿನವರು ಗೆದ್ದರು. ನೋಡಲು ಜನ ಮಾತ್ರ ಮೊದಲಿನಂತೆ ಸೇರಲಿಲ್ಲ. ನನಗೂ ಸಂಜೆಯಾದರೆ ಬಯಲಿಗೆ ಹೋಗುವುದೆಂದರೆ ಸಾಕಾಗುತ್ತಿತ್ತು. ಸೀಟಿ ಊದುತ್ತಿದ್ದೆ, ಅಂಕ ಬರೆಯುತ್ತಿದ್ದೆ, ಮನೆಗೆ ಬರುತ್ತಿದ್ದೆ.

ಆಮೇಲೆ ಯುದ್ಧ ಬಂತು. ನೂಲು ಸಿಗದಾಯಿತು. ನೇಕಾರರ ಓಣಿಯಲ್ಲಿ ಒಂದೊಂದೇ ಮಗ್ಗ ನಿಂತು, ಗಂಡಸರು ಸೊಲ್ಲಾಪುರದ ಗಿರಣಿಗಳಿಗೆ ಹೋಗತೊಡಗಿದರು. ನಾಲ್ಕು ತಂಡಗಳಿಂದ ಒಂದು ವರ್ಷ ಎಳೆದೆವು, ಮರುವರ್ಷ ಅದೂ ಇಲ್ಲ.

ನೇಕಾರರ ನಾಯಕ ಹೊರಟ ದಿನ ನಾನು ಸ್ಟೇಷನ್ನಿನಲ್ಲಿದ್ದೆ. ನಮ್ಮ ಅಕ್ಕನನ್ನು ಕರೆತರಲು ಹೋಗಿದ್ದೆ. ಅವನೊಂದಿಗೆ ಹೆಂಡತಿ, ಎರಡು ಗಂಟು ಸಾಮಾನು. ಸೊಲ್ಲಾಪುರದಲ್ಲಿ ಮನೆ ಬಾಡಿಗೆ ಹೆಚ್ಚಂತೆ, ನೀರು ಗಡುಸಂತೆ ಎಂದ. ಹೆಂಡತಿಗೆ ಎಷ್ಟೋ ತಿಂಗಳಿಂದ ಕೆಮ್ಮು ಬಿಟ್ಟಿರಲಿಲ್ಲ, ಅಲ್ಲಿ ಗಿರಣಿಯ ಡಾಕ್ಟರು ನೋಡುತ್ತಾರಂತೆ. ಆಟದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ಷಮಿಸು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗಾಡಿ ಬಂತು, ಜನ ನುಗ್ಗಿದರು. ನಾನು ಒಂದು ಗಂಟನ್ನು ಕಿಟಕಿಯೊಳಗೆ ತೂರಿಸಿ ಕೊಟ್ಟೆ.