ನೀರು ಒಗ್ಗದ ಮೇಷ್ಟ್ರು

ವ್ಯಾಸರಾಜ ಮೇಷ್ಟ್ರ ಹೊಟ್ಟೆ ನಂಜನಗೂಡಿನ ಗಡಿ ದಾಟಿದರೆ ಕೆಲಸ ಮಾಡುತ್ತಿರಲಿಲ್ಲ. ಎಪ್ಪತ್ತೆಂಟರಲ್ಲಿ ಇಲಾಖೆ ಅವರನ್ನು ತಿರುಮಕೂಡಲು ನರಸೀಪುರದ ಹೈಸ್ಕೂಲಿಗೆ ಎತ್ತಿ ಹಾಕಿತು. ಬಂದ ವಾರದೊಳಗೇ ಮೇಷ್ಟ್ರು ವಾಪಸ್ ವರ್ಗ ಕೇಳಿ ಅರ್ಜಿ ಬರೆದರು. ಕಾರಣ: ‘ಈ ಊರಿನ ನೀರು ನನಗೆ ಒಗ್ಗುವುದಿಲ್ಲ.’

ದಿನಾ ಬೆಳಿಗ್ಗೆ ಹೆಂಡತಿ ಚಂಪಕ ಮಡಿಯಲ್ಲಿ ಕಪಿಲೆಯಿಂದ ತಂದ ನೀರನ್ನು ತಾಮ್ರದ ಬಿಂದಿಗೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಕೊಡುವರು. ಮೇಷ್ಟ್ರು ಅದನ್ನು ತೊಡೆಯ ಮೇಲಿಟ್ಟುಕೊಂಡು ನಂಜನಗೂಡಿನ ಮನೆಯಿಂದ ಬಸ್ಸಿನಲ್ಲಿ ಸ್ಕೂಲಿಗೆ ಬರುವರು.

“ಸ್ವಾಮಿ, ಈ ಒಳೆ ತಾನೇ ಅರ್ಕೊಂಡು ನರಸೀಪುರಕ್ಕೆ ಬತ್ತದೆ. ನೀವ್ಯಾಕೆ ಒತ್ಕೊಂಡು ಬತ್ತೀರಿ?” ಎಂದ ಒಂದು ದಿನ ಕಂಡಕ್ಟರು. ಇಡೀ ಬಸ್ಸು ನಕ್ಕಿತು.

ಕಪಿಲೆ ನಂಜನಗೂಡು ದಾಟಿ ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆಂಬುದು ಮೇಷ್ಟ್ರಿಗೆ ಗೊತ್ತಿಲ್ಲದ್ದೇನಲ್ಲ, ನಕಾಶೆ ಬರೆಸಿ ಮಾರ್ಕು ಕೊಡುತ್ತಿದ್ದವರೇ ಅವರು. ಒಗ್ಗದ್ದು ನೀರಲ್ಲ ಕಣ್ರೀ, ಸೇದುವ ಕೈ. ಸ್ಕೂಲಿನ ಬಾವಿಯಿಂದ ಸೇದಿ ಮಡಕೆ ತುಂಬುತ್ತಿದ್ದವನು ಜವಾನ ದೇವಯ್ಯ, ಮುಡುಕುತೊರೆ ಪಕ್ಕದ ಕೇರಿಯವನು. ಹಾಗಂತ ಅರ್ಜಿಯಲ್ಲಿ ಬರೆದರೆ ನೌಕರಿಗೇ ಸಂಚಕಾರ. ಹೊಟ್ಟೆಯ ಮೇಲೆ ಹಾಕಿದರೆ ಯಾರೂ ಕೇಳುವುದಿಲ್ಲ. ಥೂ, ಎಂಥ ಓದಪ್ಪ ಅದು!

ಮಾರನೇ ವರ್ಷ ವಿಜ್ಞಾನ ವಸ್ತುಪ್ರದರ್ಶನ ಬಂತು. ನೋಡಲು ಮೈಸೂರಿನಿಂದ ಇಲಾಖೆಯ ದೊಡ್ಡ ಸಾಹೇಬರು ಬರುವವರಿದ್ದರು. ಮೇಷ್ಟ್ರ ಅರ್ಜಿ ಇದ್ದದ್ದೂ ಅವರ ಮೇಜಿನ ಮೇಲೆಯೇ. ಹೆಡ್‌ಮಾಸ್ಟರ್ ಬೆಟ್ಟಸ್ವಾಮಿ ಒಂದು ಗಾಜಿನ ತೊಟ್ಟಿ, ನಾಲ್ಕು ಬಣ್ಣದ ಮೀನು ತರಿಸಿ ಮೇಷ್ಟ್ರಿಗೆ ವಹಿಸಿದರು.

“ಬಾವಿ ನೀರು ಗಡಸು. ಮನುಷ್ಯರಿಗೇ ಆಗೋದಿಲ್ಲ, ಇನ್ನು ಮೀನಿಗೆ ಆಗುತ್ಯೇ?” ಎಂದರು ಮೇಷ್ಟ್ರು. ಮೂರು ದಿನ ಬಿಂದಿಗೆ ಹೊತ್ತು ತಂದು, ತಾಮ್ರದ ಹಂಡೆಯಲ್ಲಿ ನೀರು ಕೂಡಿಸಿ ತೊಟ್ಟಿಗೆ ಸುರಿದರು. ಶುದ್ಧವಾಗಲೆಂದು ತುಳಸಿಯನ್ನೂ ಹಾಕಿದರು. ಮೀನುಗಳನ್ನು ದಬಕ್ಕನೆ ಅದರೊಳಕ್ಕೆ ಬಿಟ್ಟರು.

ಮಾರನೆಯ ದಿನದ ಹೊತ್ತಿಗೆ ನಾಲ್ಕೂ ಹೊಟ್ಟೆ ಮೇಲಾಗಿ ತೇಲಿದವು.

“ನೋಡಿದಿರಾ, ಈ ಊರಿನ ನೀರು!” ಎಂದರು ಮೇಷ್ಟ್ರು.

ತೊಟ್ಟಿ ತೊಳೆಯುತ್ತಿದ್ದ ದೇವಯ್ಯ ತಲೆ ಎತ್ತಲಿಲ್ಲ. “ಈ ಊರ್ ನೀರು ಒಂದ್ ತೊಟ್ಟೂ ಬಿದ್ದಿಲ್ಲ ಸಾ ಇದ್ಕೆ. ತಾಮ್ರದ್ ಕಿಲುಬು ಮೀನ್ಗೆ ಇಸ.”

ಬೆಟ್ಟಸ್ವಾಮಿ ಇನ್ನೂ ನಾಲ್ಕು ಮೀನು ತರಿಸಿದರು. “ಇವೂ ಸತ್ತರೆ ನಿಮ್ಮ ವರ್ಗದ ವಿಷಯ ಸಾಹೇಬರ ಹತ್ತಿರ ನಾನು ಎತ್ತೋದಿಲ್ಲ ರೀ” ಎಂದರು.

ಮೇಷ್ಟ್ರ ನಂಜನಗೂಡಿನ ದಾರಿ ಈ ನಾಲ್ಕು ಮೀನಿನ ಬಾಲಕ್ಕೆ ಕಟ್ಟಿಬಿದ್ದಿತ್ತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, “ದೇವಯ್ಯ, ನೀನೇ ಏನಾದ್ರೂ ಮಾಡಪ್ಪ” ಎಂದರು. ಮಡಿ ಇದ್ದದ್ದು ಕುಡಿಯುವ ನೀರಿಗೆ, ಉಪಕಾರಕ್ಕಲ್ಲ.

ದೇವಯ್ಯ ಎರಡು ದಿನ ತೆರೆದಿಟ್ಟ ಬಾವಿ ನೀರನ್ನೇ ತೊಟ್ಟಿಗೆ ತುಂಬಿದ. ಮೀನಿದ್ದ ಪ್ಲಾಸ್ಟಿಕ್ ಕವರನ್ನು ಬಿಚ್ಚದೆ ಅದರಲ್ಲೇ ತೇಲಿಬಿಟ್ಟ. ಅರ್ಧ ಗಂಟೆ ಕಳೆದ ಮೇಲೆ ಬಾಯಿ ಬಿಚ್ಚಿ, ತೊಟ್ಟಿಯ ನೀರನ್ನು ಒಂದು ಲೋಟ ಕವರಿಗೆ ಹಾಕಿದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಆಮೇಲೆ ಮತ್ತೊಂದು.

“ಒಸ ನೀರು ಕಣ್ ಸಾ. ವಸಿ ವಸಿನೇ ಒಗ್ಗುಸ್ಬೇಕು.”

ಮೀನುಗಳು ಬದುಕಿದವು. ಮೇಷ್ಟ್ರು ಅಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ದೇವಯ್ಯನ ಹೆಸರೊಂದನ್ನು ಬಿಟ್ಟು.

ಪ್ರದರ್ಶನದ ದಿನ ಸಾಹೇಬರು ತೊಟ್ಟಿಯ ಮುಂದೆ ನಿಂತರು. ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಂಡು ಶುರುಮಾಡಿದರು: “ಇದು ನಾನೇ ಕಂಡುಕೊಂಡ ವಿಧಾನ ಸಾರ್. ಯಾವ ಊರಿನ ಜೀವವಾದರೂ ಸರಿ, ಸ್ವಲ್ಪ ಸ್ವಲ್ಪವಾಗಿ ಬೆರೆಸಿದರೆ ಒಂದೇ ಗಂಟೆಯಲ್ಲಿ ಯಾವ ನೀರೂ ಒಗ್ಗುತ್ತದೆ! ಇದು ಇದೇ ಸ್ಕೂಲಿನ ಬಾವಿ ನೀರು!”

“ಭೇಷ್!” ಎಂದರು ಸಾಹೇಬರು. “ನಿಮ್ಮ ಹೆಸರು?”

“ವ್ಯಾಸರಾಜ, ಸಾರ್.”

ಸಾಹೇಬರ ಹುಬ್ಬು ಮೇಲೇರಿತು. “ಓ, ನೀರು ಒಗ್ಗಲ್ಲ ಅಂತ ಅರ್ಜಿ ಹಾಕಿರೋ ವ್ಯಾಸರಾಜ ನೀವೇನಾ? ಒಂದು ಗಂಟೇಲಿ ಮೀನಿಗೆ ಒಗ್ಗಿಸಿದ್ದೀರಿ, ವರ್ಷವಾದರೂ ನಿಮಗೆ ಒಗ್ಗಲಿಲ್ಲವೇ? ಇಂಥ ಮೇಷ್ಟ್ರನ್ನ ನರಸೀಪುರ ಬಿಟ್ಟುಕೊಡಬಾರದು ಬೆಟ್ಟಸ್ವಾಮಿ. ಅರ್ಜಿ ವಜಾ.”

ಮೇಷ್ಟ್ರ ಬಾಯಿ ಒಣಗಿಹೋಯಿತು. ಬಿಂದಿಗೆ ಸ್ಟಾಫ್ ರೂಮಿನಲ್ಲಿತ್ತು. ಅಷ್ಟರಲ್ಲಿ ಸಾಹೇಬರು ನೀರು ಕೇಳಿದರು. ದೇವಯ್ಯ ಎರಡು ಲೋಟ ತಂದ. ಸಾಹೇಬರು ಒಂದನ್ನು ಗಟಗಟನೆ ಕುಡಿದು, “ತಗೊಳ್ಳಿ ಮೇಷ್ಟ್ರೇ” ಎಂದು ಇನ್ನೊಂದನ್ನು ತೋರಿಸಿದರು. ಎಲ್ಲರ ಕಣ್ಣೂ ಮೇಷ್ಟ್ರ ಮೇಲೆಯೇ ಇತ್ತು. ಅವರು ಲೋಟ ಹಿಡಿದರು.

ದೇವಯ್ಯ ಹತ್ತಿರ ಬಗ್ಗಿ ಮೆಲ್ಲಗೆ ಅಂದ: “ವಸಿ ವಸಿನೇ ಕುಡೀರಿ ಸಾ.”