ಬಾಣಂತಿಯ ನೀರಡಿಕೆ

ನನ್ನ ಚೊಚ್ಚಲ ಬಾಣಂತನ ಪುಣೆಯಲ್ಲಿ, ಅತ್ತೆಯ ಮನೆಯಲ್ಲಿ ಆಯಿತು. ಆಗಬಾರದಿತ್ತು. ಮೊದಲ ಹೆರಿಗೆ ತವರಿನದು. ಧಾರವಾಡದಲ್ಲಿ ಅವ್ವ ಆಗಲೇ ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ಮಡಚಿ, ತುಪ್ಪ ಕಾಸಿಟ್ಟು ಕಾಯುತ್ತಿದ್ದಳು. ಆದರೆ ಅದು ಯುದ್ಧದ ಕಾಲ. ರೈಲಿನ ಡಬ್ಬಿಗಳ ತುಂಬ ಸಿಪಾಯಿಗಳು, ಬಾಗಿಲಿಗೆ ಜೋತುಬಿದ್ದ ಜನ. ದಿನ ತುಂಬಿದ ಬಸುರಿಯನ್ನು ಅದರೊಳಗೆ ಹತ್ತಿಸುವುದು ತನ್ನಿಂದಾಗದು ಎಂದು ನನ್ನ ಗಂಡ ಕೈ ಚೆಲ್ಲಿಬಿಟ್ಟರು. ಹಾಗಾಗಿ ನಾನು ತವರಿಗೆ ಹೋಗುವ ಬದಲು ತವರೇ ಗಂಟು ಕಟ್ಟಿಕೊಂಡು ನನ್ನ ಬಳಿ ಬಂತು. ಅವ್ವ ತುಪ್ಪದ ಡಬ್ಬಿ, ಅಂಟಿನುಂಡೆ, ಬಜೆಯ ಬೇರು ಎಲ್ಲ ಹೊತ್ತು ಟಾಂಗಾದಿಂದ ಇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಧಾರವಾಡದ ಅಡುಗೆಮನೆಯಲ್ಲಿ ಹುಲಿಯಂತಿದ್ದ ನನ್ನವ್ವ ಬೀಗರ ಮನೆಯ ಹೊಸ್ತಿಲು ದಾಟಿದವಳೇ ಇಲಿಯಾದಳು. ಮಗಳ ಮನೆಯಲ್ಲಿ ತಿಂಗಳುಗಟ್ಟಲೆ ಇರಬೇಕಾಯಿತಲ್ಲ ಎಂಬ ಸಂಕೋಚ ಅವಳಿಗೆ. ಸಾರಿಗೆ ಉಪ್ಪು ಹಾಕಬೇಕಾದರೂ "ಅಕ್ಕಾರ, ಇಷ್ಟ ಹಾಕ್ಲೇನ್ರಿ?" ಎಂದು ಕೇಳುವಳು. ನನ್ನ ಅತ್ತೆಯೇನು ಕಡಿಮೆಯೇ? ಅವರು ಬೆಳಗಾವಿ ಕಡೆಯವರು, ಮಾತಿನಲ್ಲಿ ಮರ್ಯಾದೆ ಸುರಿಯುವವರು. "ಅಯ್ಯ ವೈನಿ, ನನ್ನ್ಯಾಕ ಕೇಳ್ತೀರಿ? ಮಗಳು ನಿಮ್ಮಾಕಿ, ಬಾಣಂತನ ನಿಮ್ಮದು. ನೀವು ಹೆಂಗಂತೀರೋ ಹಂಗ" ಎನ್ನುವರು. ಇಬ್ಬರೂ ದಿನವಿಡೀ ಒಬ್ಬರ ಮುಂದೊಬ್ಬರು ಹೀಗೆ ಬಾಗುತ್ತಿದ್ದರು. ಮೊದಮೊದಲು ಮಲಗಿದಲ್ಲೇ ಕೇಳುತ್ತ ನನಗೆ ನಗು ಬರುತ್ತಿತ್ತು.

ಹೆಣ್ಣು ಕೂಸು ಹುಟ್ಟಿತು. ಸೂಲಗಿತ್ತಿ ಎಲ್ಲ ಮುಗಿಸಿ ಕೈ ತೊಳೆದುಕೊಂಡು ಹೋದ ಮೇಲೆ ನಾನು ಆಡಿದ ಮೊದಲ ಮಾತು, "ಅವ್ವಾ, ನೀರು."

ಅವ್ವ ತಂಬಿಗೆಗೆ ಕೈ ಹಾಕಿದಳು. ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದರು. ಅವ್ವ ಕೈ ಹಿಂದೆ ತೆಗೆದು, "ಇಷ್ಟ ಲಗೂನ ನೀರು ಬ್ಯಾಡಲ್ರೀ ಅಕ್ಕಾರ?" ಎಂದಳು.

"ಹೌದ್ರಿ ವೈನಿ, ಬ್ಯಾಡಂದ್ರ ಬ್ಯಾಡ" ಎಂದರು ಅತ್ತೆ.

ಆಯಿತು. ಆ ಗಳಿಗೆಯಿಂದ ನನಗೆ ನೀರು ಬಂದ್ ಆಯಿತು. ಆಗಿನ ಕಾಲಕ್ಕೆ ಇದೇನು ಕೇಳರಿಯದ ಮಾತಲ್ಲ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮೈ ನೀರೇರುತ್ತದೆ, ಹಾಲಿನಿಂದ ಕೂಸಿಗೆ ನೆಗಡಿ ಹೋಗುತ್ತದೆ ಎಂದು ಎಷ್ಟೋ ಮನೆಗಳಲ್ಲಿ ಹೇಳುತ್ತಿದ್ದರು. ಹಿರಿಯರಿಬ್ಬರೂ ಒಂದೇ ಮಾತು ಆಡಿದ ಮೇಲೆ ಸೊಸೆ ಏನು ಹೇಳಬೇಕು? ತುಪ್ಪ ಸುರಿದ ಬಿಸಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ಅಂಟಿನುಂಡೆ ಇವೆಲ್ಲ ಹೊತ್ತುಹೊತ್ತಿಗೆ ಬರುತ್ತಿದ್ದವು. ಊಟದ ಮೇಲೆ ಬಾಯಿ ತೊಯ್ಯುವಷ್ಟು ಕಾದಾರಿದ ನೀರು. ಅದನ್ನೂ ಕೂಸಿಗೆ ಔಷಧ ಕುಡಿಸುವ ಒಳಲೆಯಲ್ಲಿ ಅಳೆದು ಕೊಡುತ್ತಿದ್ದರು. ಗಂಟಲು ದಾಟುವ ಮೊದಲೇ ಅದು ಖಾಲಿ.

ಬೇಸಿಗೆ ಬೇರೆ. ಹಿಂದಿನ ಕೋಣೆ, ಕಿಟಕಿಗೆ ಗೋಣಿತಾಟಿನ ಪರದೆ, ಮಂಚದ ಕೆಳಗೆ ಕೆಂಡದ ಶೇಗಡಿ, ಅದರ ಮೇಲೆ ಲೋಬಾನದ ಹೊಗೆ. ಕಿವಿಗೆ ಅರಳೆ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಕೂಸಿಗೂ ಅದೇ ಶಿಕ್ಷೆ. ಕುಂಚಿಗೆಯೊಳಗಿಂದ ಒಂದು ಕೆಂಪು ಮೂಗು ಮಾತ್ರ ಕಾಣುತ್ತಿತ್ತು. ಆ ಕೋಣೆಯ ಕೆಳಗೇ ವಾಡೆಯ ಅಂಗಳ, ಅಂಗಳದಲ್ಲಿ ಎಲ್ಲ ಬಿಡಾರಗಳಿಗೂ ಸೇರಿದ ನಳ. ಬೆಳಕು ಹರಿದಾಗಿನಿಂದ ನೀರು ಹಂಡೆಗೆ ಬೀಳುವ ಸದ್ದು, ಕೊಡ ತುಂಬಿ ಚೆಲ್ಲುವ ಸದ್ದು, "ಅಹೋ, ಮಾಝಾ ನಂಬರ!" ಎಂದು ಹೆಂಗಸರು ಮರಾಠಿಯಲ್ಲಿ ಪಾಳಿಗಾಗಿ ಜಗಳಾಡುವ ಸದ್ದು. ಜಗಳಾಡಿ ಚೆಲ್ಲಿದ ನೀರಿನಲ್ಲಿ ನಾನು ಮೂರು ದಿನ ಬದುಕಿಯೇನು ಅನಿಸುತ್ತಿತ್ತು. ನಮ್ಮ ಬಾಗಿಲ ಹೊರಗಿನ ಪಡಸಾಲೆಯಲ್ಲಿ ಮಣ್ಣಿನ ಕೊಡ. ಅದರಲ್ಲಿ ಲಾವಂಚದ ಬೇರು ಹಾಕಿರುತ್ತಿದ್ದರು. ಯಾರಾದರೂ ಮುಚ್ಚಳ ತೆಗೆದರೆ ವಾಸನೆ ನನ್ನ ಹಾಸಿಗೆಯವರೆಗೆ ಬರುತ್ತಿತ್ತು. ಕುಡಿದವರು 'ಹಾ' ಎಂದು ಉಸಿರು ಬಿಟ್ಟಾಗ ಅವರನ್ನು ಹಿಡಿದು ಬಡಿಯಬೇಕು ಅನಿಸುತ್ತಿತ್ತು.

ಗಂಡನಿಗೆ ಹೇಳಿ ನೋಡಿದೆ. ದಂಡಿನ ಕ್ಯಾಂಪಿನ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದ ಮನುಷ್ಯ, ಸಾಹೇಬನ ಮುಂದೆ ನಿಂತ ಹಾಗೆಯೇ ಬಾಣಂತಿ ಕೋಣೆಯ ಬಾಗಿಲಲ್ಲೂ ನಿಲ್ಲುತ್ತಿದ್ದರು, ಒಳಗೆ ಕಾಲಿಡುವಂತಿರಲಿಲ್ಲ. "ಒಂದು ಲೋಟಾ ನೀರು ಕೊಡಸ್ರಿ" ಎಂದೆ.

"ಅವ್ವನೂ ಬ್ಯಾಡಂತಾಳ, ನಿಮ್ಮವ್ವನೂ ಬ್ಯಾಡಂತಾರ. ನಡುವ ನಾ ಏನು ಹೇಳ್ಲಿ? ತಿಳದವರು ಅದಾರ, ಅವರು ಹೇಳಿಧಂಗ ಕೇಳು" ಎಂದು ಚಪ್ಪಲಿ ಮೆಟ್ಟಿ ಹೊರಟರು. ಹೋಗುವಾಗ ಕೊಡದಿಂದ ಒಂದು ಲೋಟ ನೀರು ಕುಡಿದೇ ಹೋದರು. ನನಗೆ ಕೇಳಿಸಿತು.

ನನ್ನ ನೀರಡಿಕೆ ನನ್ನೊಬ್ಬಳದೇ ಆಗಿದ್ದರೆ ಹಲ್ಲು ಕಚ್ಚಿ ತಡೆಯುತ್ತಿದ್ದೆನೇನೋ. ಆದರೆ ಹೆಸರಿಡುವ ಹೊತ್ತಿಗೆ ಕೂಸು ಅಳು ಹಿಡಿಯಿತು. ಎದೆಗೆ ಹಾಕಿದರೆ ನಾಲ್ಕು ಸಲ ಚೀಪಿ, ಬಾಯಿ ತೆಗೆದು, ಮುಖ ಕೆಂಪಗೆ ಮಾಡಿಕೊಂಡು ಕಿರುಚುವುದು. ಮತ್ತೆ ಹಾಕಿದರೆ ಮತ್ತೆ ಅದೇ. ಹಾಲು ಕಡಿಮೆಯಾಗಿತ್ತು. ಮೊದಲ ವಾರ ಕುಪ್ಪಸ ತೊಯ್ಯುವಂತೆ ಬರುತ್ತಿದ್ದ ಹಾಲು ಈಗ ಹಿಂಡಿದರೂ ಹನಿಯುತ್ತಿರಲಿಲ್ಲ. ಕೂಸಿನ ಕೆನ್ನೆ ಇಳಿಯಿತು. ನೋಡಲು ಬಂದವರೆಲ್ಲ ನನ್ನ ಎದೆಯನ್ನೇ ನೋಡಿ 'ಚ್ಚ್ ಚ್ಚ್' ಎನ್ನತೊಡಗಿದರು. ಒಬ್ಬಾಕೆ ದೃಷ್ಟಿಯಾಗಿದೆ ಅಂದಳು, ಇನ್ನೊಬ್ಬಾಕೆ ನನ್ನ ಸಿಟ್ಟಿನ ಸ್ವಭಾವಕ್ಕೆ ಹಾಲು ಸುಟ್ಟಿತು ಅಂದಳು. ಸಿಟ್ಟು ಬಾರದೆ ಇನ್ನೇನು ಬರುತ್ತದೆ? ನನ್ನ ಕೂಸು ನನ್ನ ಮಡಿಲಲ್ಲೇ ಹಸಿದು ಬಡವಾಗುತ್ತಿತ್ತು, ನಾನು ಅದಕ್ಕೆ ಹಾಡು ಹೇಳಿ ಮೋಸ ಮಾಡುತ್ತ ಕೂತಿದ್ದೆ.

ಅವ್ವ ಹಾಲು ಹೆಚ್ಚಲೆಂದು ಸಬ್ಬಸಿಗೆಯ ಪಲ್ಯ ಮಾಡಿದಳು. ಅತ್ತೆ ಅಳವಿ ಬೀಜದ ಪಾಯಸ ಮಾಡಿದರು. ಬೆಳ್ಳುಳ್ಳಿ ಇಮ್ಮಡಿಯಾಯಿತು, ತುಪ್ಪ ಮುಮ್ಮಡಿಯಾಯಿತು. ನುಂಗಿದ್ದೆಲ್ಲ ಒಣಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. "ಇದೆಲ್ಲಾ ಬ್ಯಾಡ, ನೀರು ಕೊಡ್ರಿ" ಎಂದರೆ ಅವ್ವ ಅತ್ತೆಯ ಮುಖ ನೋಡುವಳು, ಅತ್ತೆ ಅವ್ವನ ಮುಖ ನೋಡುವರು. ಆಮೇಲೆ ಇಬ್ಬರೂ ನನ್ನ ಮುಖ ನೋಡಿ, "ಇನ್ನ ಸ್ವಲ್ಪ ದಿನಾ, ತಡಕೋ" ಎನ್ನುವರು.

ಕೆಳಗಿನ ಬಿಡಾರದಲ್ಲಿ ಒಬ್ಬ ಮರಾಠಿ ಹೆಂಗಸು ಇದ್ದಳು. ನನಗಿಂತ ತಿಂಗಳು ಮೊದಲು ಹೆತ್ತವಳು. ತುಂಬು ಮೈ, ನಗುಮುಖ, ಎರಡು ಕೂಸುಗಳಿಗೆ ಸಾಲುವಷ್ಟು ಹಾಲು. ಒಂದು ಮಧ್ಯಾಹ್ನ ನನ್ನ ಕೂಸಿನ ಅಳು ಕೇಳಲಾರದೆ ಮೆಟ್ಟಿಲು ಹತ್ತಿ ಬಂದು, "ದ್ಯಾ ಇಕಡೇ" ಎಂದು ಅದನ್ನೆತ್ತಿ ಎದೆಗೆ ಹಾಕಿಕೊಂಡಳು. ಗುಟುಕ್ ಗುಟುಕ್ ಎಂದು ನುಂಗುವ ಸದ್ದು ನನಗೆ ಕೇಳಿಸಿತು. ಕೂಸಿನ ಮುಷ್ಟಿ ಮೆಲ್ಲಗೆ ಬಿಚ್ಚಿಕೊಂಡಿತು. ನಾನು ಗೋಡೆಗೆ ಮುಖ ಮಾಡಿದೆ. ಅವಳು ಮಾಡಿದ್ದು ಪುಣ್ಯದ ಕೆಲಸ, ನನಗದು ಗೊತ್ತಿತ್ತು. ಆದರೂ ಅವಳ ಕೈಯಿಂದ ಕೂಸನ್ನು ಕಿತ್ತುಕೊಳ್ಳಬೇಕು ಎಂದು ಹೊಟ್ಟೆಯೊಳಗೆ ಬೆಂಕಿ ಎದ್ದಿತ್ತು.

ಅಂದಿನಿಂದ ಅದೇ ರೂಢಿಯಾಯಿತು. ಕೂಸು ಅತ್ತರೆ ಕೆಳಗೆ ಒಯ್ಯುವುದು, ತುಂಬಿದ ಹೊಟ್ಟೆಯಲ್ಲಿ ನಿದ್ದೆ ಮಾಡಿಸಿ ತಂದು ನನ್ನ ಪಕ್ಕ ಮಲಗಿಸುವುದು. ಅದರ ಬಾಯಲ್ಲಿ ಇನ್ನೊಬ್ಬಳ ಹಾಲಿನ ವಾಸನೆ. ಎಚ್ಚರವಾದಾಗ ಎದೆಗೆ ಹಾಕಿದರೆ ಈಗ ಚೀಪುವುದೂ ಇಲ್ಲ, ಮುಖ ತಿರುಗಿಸಿಬಿಡುವುದು. ಒಂದು ದಿನ ಹಾಗೆ ಮುಖ ತಿರುಗಿಸಿ ಅತ್ತಾಗ ಅವ್ವ ಅದನ್ನೆತ್ತಿಕೊಂಡಳು. ಅತ್ತೆ ಬಾಗಿಲಲ್ಲಿ ನಿಂತು, "ಇನ್ನ ಕೂಸಿಗೆ ಕೆಳಗಿನಾಕೀದ ಹಾಲ ರೂಢಿ ಆಗಲಿ ಬಿಡ್ರಿ ವೈನಿ. ಇಕೀ ಎದಿ ಬತ್ತಿಧಂಗ ಕಾಣಸ್ತದ. ಸುಮ್ಮನ ಯಾಕ ಇಬ್ಬರಿಗೂ ತ್ರಾಸ?" ಎಂದರು.

"ನೀವು ಹೆಂಗಂತೀರೋ ಹಂಗ್ರಿ ಅಕ್ಕಾರ" ಎಂದಳು ನನ್ನ ಹೆತ್ತವ್ವ.

ನನ್ನ ತಲೆಯೊಳಗೆ ಏನೋ ಹರಿದಂತಾಯಿತು. "ಹಂಗೂ ಇಲ್ಲ ಹಿಂಗೂ ಇಲ್ಲ!" ಎಂದು ಒದರಿದೆ. ಅತ್ತೆಯೆದುರು ದನಿ ಎತ್ತಿದ್ದು ಅದೇ ಮೊದಲು. "ನನ್ನ ಎದಿ ಬತ್ತಿಲ್ಲ, ನೀವು ಬತ್ತಿಸೀರಿ! ಆಕಳಿಗೆ ನೀರು ಕುಡಸದ ಹಾಲು ಹಿಂಡತಾರೇನ್ರಿ ಯಾರರ? ಅವ್ವಾ, ನೀ ನನ್ನ ಹಡದಾಗ ನೀರು ಕುಡದಿದ್ದಿಲ್ಲೇನ? ಹೇಳು!"

ಅವ್ವ ಕೂಸನ್ನು ಭುಜಕ್ಕೆ ಹಾಕಿಕೊಂಡಳು. ಅತ್ತೆಯ ಕಡೆ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಕುಡದೀನಲ್ಲ... ಅಜವಾನ ಹಾಕಿ ಕುದಿಸಿದ್ದು. ತಂಬಿಗಿ ತಂಬಿಗಿ ಕುಡದೀನಿ. ನಮ್ಮ ಕಡೆ ಕೊಡ್ತೀವಿ. ಆದ್ರ ಈ ಮನ್ಯಾಗ ಪದ್ಧತಿ ಇಲ್ಲಲ್ಲ, ಅದಕ್ಕ..." ಎಂದಳು.

"ಯಾ ಮನ್ಯಾಗ?" ಎಂದರು ಅತ್ತೆ. "ನಮ್ಮ ಮನ್ಯಾಗ? ಅಯ್ಯ ನಮ್ಮಪ್ಪಾ! ನನ್ನ ಬಾಣಂತನದಾಗ ನಮ್ಮತ್ತಿ ಹಂಡೇನ ಮಂಚದ ಬಾಜೂಕ ಇಟ್ಟಿದ್ರು. ನಾ ನಿಮ್ಮ ಕಡೆ ಕೊಡೂದಿಲ್ಲಂತ ತಿಳಕೊಂಡೆ. ಮೊದಲನೇ ದಿನಾ ನೀವ ಬ್ಯಾಡಂದ್ರಿ. ಚೊಚ್ಚಲ ಬಾಣಂತನ ತವರಿನ ಪದ್ಧತೀಲೆ ಆಗಬೇಕು, ನಡುವ ಬಾಯಿ ಹಾಕಿದ್ರ ನಿಮಗ ಅಪಮಾನ ಆಗತದಂತ ಸುಮ್ಮನಿದ್ದೆ."

"ನಾ ಎಲ್ಲಿ ಬ್ಯಾಡಂದೆ? ನಿಮ್ಮನ್ನ ಕೇಳಿದೆ, ನೀವು ಬ್ಯಾಡಂದ್ರಿ."

ಒಬ್ಬರನ್ನೊಬ್ಬರು ಪಿಳಿಪಿಳಿ ನೋಡುತ್ತ ನಿಂತರು ಇಬ್ಬರೂ. ನಾನು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಧಾರವಾಡದ ಪದ್ಧತಿಯೂ ಅಲ್ಲ, ಬೆಳಗಾವಿಯ ಪದ್ಧತಿಯೂ ಅಲ್ಲ, ಯಾವ ಊರಿನಲ್ಲೂ ಇಲ್ಲದ ಪದ್ಧತಿಗೆ ನಾನು ನಾಲಿಗೆ ಒಣಗಿಸಿಕೊಂಡು ಬಿದ್ದಿದ್ದೆ! ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮಲ್ಲಿ ಜಗಳವೂ ಇರಲಿಲ್ಲ, ಬೀಗರ ಮರ್ಯಾದೆಯಲ್ಲೇ ಕೂಸು ಬಡವಾಗಿತ್ತು.

ಅಷ್ಟಾದರೂ ನೀರು ಬಂತೇ? ಇಲ್ಲ. "ಹಂಗಾರ ಕೊಡ್ರಿ ನೀವು" ಎಂದಳು ಅವ್ವ. "ಛೇ ಛೇ, ತಾಯಿ ಕೈಲೆ ಕೊಡ್ರಿ" ಎಂದರು ಅತ್ತೆ. "ಇಲ್ರಿ, ಮನಿ ಹಿರ್ಯಾರು ನೀವು, ನಿಮ್ಮ ಕೈಲೆ ಆಗಲಿ." "ಇಲ್ರಿ ವೈನಿ, ಅದು ನಿಮ್ಮ ಮಾನ." ನಾನು ಮಂಚದಿಂದ ಇಳಿದೆ. ಕಿವಿಯ ಅರಳೆ ಕಿತ್ತೆಸೆದೆ. ಪಡಸಾಲೆಗೆ ನಡೆದು, ಕೊಡದ ಮುಚ್ಚಳ ತೆಗೆದು, ತಂಬಿಗೆಯನ್ನೇ ಅದ್ದಿ ನಿಂತಲ್ಲೇ ಕುಡಿದೆ. ನೀರು ಗದ್ದದಿಂದಿಳಿದು ಎದೆ ತೊಯ್ಸಿತು. ಇನ್ನೊಂದು ತಂಬಿಗೆ ಕುಡಿದೆ.

"ಅಯ್ಯಯ್ಯ, ಗಂಗಾಪೂಜಿ ಆಗಿಲ್ಲ, ಕೊಡಾ ಮುಟ್ಟಿದಳು!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಬಾಣಂತಿ ಗಂಗಾಪೂಜೆ ಮಾಡದೆ ಕುಡಿಯುವ ನೀರಿನ ಕೊಡ ಮುಟ್ಟಬಾರದು. ಈ ಪದ್ಧತಿ ಎರಡೂ ಮನೆಗಳಲ್ಲಿ ನಿಜವಾಗಿಯೂ ಇತ್ತು. ಕೊಡ ಬರಿದು ಮಾಡಿ, ತೊಳೆದು, ನಳದ ಪಾಳಿಗೆ ನಿಂತು ತುಂಬಿಸಿ ತರಬೇಕಾಯಿತು. ತರಲಿ ಎಂದುಕೊಂಡೆ.

ಹಾಲು ಅಂದೇ ಉಕ್ಕಿ ಬರಲಿಲ್ಲ. ಬಂದಾಗಲೂ ಕೂಸಿಗೆ ಅದು ಬೇಕಿರಲಿಲ್ಲ. ಕೆಳಗಿನವಳ ದನಿ ಕೇಳಿದರೆ ಕತ್ತು ಹೊರಳಿಸುವುದು, ನನ್ನ ಎದೆಗೆ ಬಂದರೆ ಬಿಗಿದುಕೊಳ್ಳುವುದು. ಅವ್ವ "ಪಾಪ, ಒಯ್ಯಲೇನ?" ಎಂದು ಕೈ ಚಾಚಿದಾಗ ನಾನು ಕೊಡಲಿಲ್ಲ. ಅದು ಕಿರುಚುತ್ತಿತ್ತು, ನಾನು ಅಳುತ್ತಿದ್ದೆ, ಬಾಗಿಲಾಚೆ ಅವರಿಬ್ಬರು ಪಿಸುಗುಡುತ್ತಿದ್ದರು. ತೀರ ತಡೆಯದಾದಾಗ ಒಳಲೆಯಲ್ಲಿ ಹಾಲು ಹಿಂಡಿ ಕುಡಿಸುತ್ತಿದ್ದೆ. ಹಟಮಾರಿ ತಾಯಿ, ಹಟಮಾರಿ ಮಗಳು. ಎಷ್ಟೋ ದಿನ ಹೀಗೇ ಹೋಯಿತು.

ಕಡೆಗೆ ಒಂದು ಮುಂಜಾನೆ, ಎರೆಸಿಕೊಂಡು ದಣಿದಿದ್ದ ಕೂಸು ಅರೆನಿದ್ದೆಯಲ್ಲಿ ಬಾಯಿ ತೆರೆಯಿತು. ಹಾಕಿದೆ. ಹಿಡಿಯಿತು. ಗುಟುಕ್, ಗುಟುಕ್. ಈ ಸಲ ಆ ಸದ್ದು ನನ್ನ ಮೈಯಿಂದಲೇ ಬರುತ್ತಿತ್ತು. ಕುಡಿದು ಕುಡಿದು, ಸಾಕಾಗಿ, ತಾನಾಗಿಯೇ ಬಿಟ್ಟು, ಬಾಯಿಯ ಅಂಚಿನಿಂದ ಹಾಲು ಸುರಿಸುತ್ತ ಮಲಗಿತು. ನನ್ನ ಕಣ್ಣೀರು ಅದರ ಕುಂಚಿಗೆಯ ಮೇಲೆ ಬೀಳುತ್ತಿತ್ತು.

ಬಾಗಿಲಲ್ಲಿ ಅವ್ವ ಕಣ್ಣೊರೆಸಿಕೊಂಡಳು. "ಎಲ್ಲಾ ನಿಮ್ಮ ಪುಣ್ಯಾರಿ ಅಕ್ಕಾರ" ಎಂದಳು.

"ನನ್ನದೇನದರಿ ವೈನಿ? ನಿಮ್ಮ ಪುಣ್ಯ" ಎಂದರು ಅತ್ತೆ.

"ಪುಣ್ಯ ಆಮ್ಯಾಲೆ ಹಂಚಿಕೋರಿ" ಎಂದೆ, ಕೂಸು ಏಳದ ಹಾಗೆ, ಮೆಲ್ಲಗೆ. "ಮೊದಲ ಇಬ್ಬರೂ ಒಂದೊಂದು ತಂಬಿಗಿ ನೀರು ತರ್ರಿ."